ನಿರ್ದೇಶಕರ ಹೆಸರಿನ ಉದ್ದ

ಎರಡು ಸಾವಿರದ ಹದಿನೇಳನೆಯ ಇಸವಿ ನವೆಂಬರ್ ಹದಿಮೂರು, ಸೋಮವಾರ, ಅಲೆಕ್ಸಾಂಡ್ರಿಯಾದ ಗಾಳಿ ಎಚ್ಚರಿಕೆ ಕಚೇರಿಯಿಂದ ಒಂದು ಆದೇಶ ಹೊರಟಿತು. ಕಚೇರಿ ತಯಾರಿಸುವ ಪ್ರತಿಯೊಂದರ ತಲೆಭಾಗದಲ್ಲೂ ಕಚೇರಿಯ ಮುಖ್ಯಸ್ಥರ ಹೆಸರು ಸಕಲ ಬಿರುದುಗಳೊಂದಿಗೆ ಇರತಕ್ಕದ್ದು ಎಂಬುದು ಅದರ ಸಾರಾಂಶ.

ಮುಖ್ಯಸ್ಥರು ಹಿಂದಿನ ವಾರವಷ್ಟೇ ಬಂದಿದ್ದರು. ಅದಕ್ಕೆ ಮೊದಲು ಖರ್ಜೂರದ ಗುಣಮಟ್ಟ ನೋಡಿಕೊಳ್ಳುವ ಇಲಾಖೆಯಲ್ಲಿದ್ದರು. ಅವರ ಪೂರ್ತಿ ಹೆಸರು: ಡಾಕ್ಟರ್ ಇಂಜಿನಿಯರ್ ಹಿಶ್ಮತ್ ಅಲ್-ಗಿರಿಯಾನಿ, ಮಹಾನಿರ್ದೇಶಕರು, ಗಾಳಿ ಎಚ್ಚರಿಕೆ ಕಚೇರಿ. ಮಧ್ಯಾಹ್ನದ ಹೊತ್ತಿಗೆ ಈ ಹೆಸರು ಲಕೋಟೆಗಳ ಮೇಲೆ, ಛಾವಣಿಯ ಗಾಳಿಕೋಳಿಯ ಕಂಬದ ಮೇಲೆ, ಚಹಾ ತರುವ ತಟ್ಟೆಯ ಮೇಲೆ ಬಂದಿತ್ತು. ಆಮೇಲೆ ಆಡಳಿತ ವಿಭಾಗದ ಉಸ್ತಾಝ್ ಶೌಕಿ ಕಂಪ್ಯೂಟರ್ ಕೋಣೆಗೆ ಬಂದರು.

ಕಂಪ್ಯೂಟರ್ ಕೋಣೆಯಲ್ಲಿದ್ದವಳು ನಿವೀನ್. ವಯಸ್ಸು ಇಪ್ಪತ್ತಾರು, ಅನ್ಫೂಶಿಯ ಮೀನುಗಾರರ ಮನೆಯವಳು. ಕರಾವಳಿಯ ಗಾಳಿಯನ್ನು ಲೆಕ್ಕಹಾಕಿ ಬಿರುಗಾಳಿ ಬರುತ್ತದೋ ಇಲ್ಲವೋ ಎಂದು ಹೇಳುವ ಪ್ರೋಗ್ರಾಂ ಬರೆದದ್ದು ಅವಳೇ.

"ಬಾಷ್‌ಮುಹಂದಿಸಾ," ಎಂದರು ಶೌಕಿ. ಆ ಕಚೇರಿಯಲ್ಲಿ ಇಂಜಿನಿಯರ್ ಹೆಂಗಸರನ್ನು ಕರೆಯುವುದೇ ಹಾಗೆ. "ಈ ಪೆಟ್ಟಿಗೆ ಒಳಗೆ ಎಲ್ಲಕ್ಕಿಂತ ಮುಂದೆ ಏನಿದೆ?"

"ಗಾಳಿಯ ಅಳತೆಗಳು ಉಸ್ತಾಝ್. ರಶೀದ್‌ನಿಂದ ಸಲ್ಲೂಮ್‌ವರೆಗೆ, ಸಾಲಾಗಿ."

"ನಿರ್ದೇಶಕರು?"

"ಅವರು ಒಳಗಿಲ್ಲ. ಪ್ರಕಟಣೆ ಅಚ್ಚಾಗುವಾಗ ಕಾಗದದ ಮೇಲ್ಗಡೆ ಬರ್ತಾರೆ."

"ಅಂದ್ರೆ ಕಾಗದದ ಮೇಲೆ ಮುಂದೆ, ಒಳಗೆ ನಾಪತ್ತೆ. ಇದಕ್ಕೆ ಏನಂತಾರೆ ಗೊತ್ತಾ? ಬೂಟಾಟಿಕೆ ಅಂತಾರೆ."

"ಒಳಗಡೆ ಯಾರೂ ನೋಡಲ್ಲ ಉಸ್ತಾಝ್."

"ದೇವರು ನೋಡ್ತಾನೆ. ಲೆಕ್ಕಪರಿಶೋಧಕರೂ ನೋಡ್ತಾರೆ."

ನಿವೀನ್ ನಿರ್ದೇಶಕರನ್ನು ಒಳಗೆ ಹಾಕಿದಳು. ಅಳತೆಗಳ ಸಾಲಿನ ಮೊದಲಿಗೆ ಅವರ ಹೆಸರು, ಅದರ ಬೆನ್ನಿಗೇ ಗಾಳಿ. ಪ್ರೋಗ್ರಾಂ ಓಡಿಸಿದಳು. ಅದು ಅರ್ಧ ಕ್ಷಣ ಓಡಿ ಸತ್ತುಹೋಯಿತು.

ಇಲ್ಲಿ ಕಚೇರಿಯ ಏಳನೆಯ ನಿಯಮವನ್ನು ಹೇಳಬೇಕು. ಪ್ರಕಟಣೆ ಹೊರಡದ ದಿನ ಸಮುದ್ರ ಶಾಂತವಾಗಿದೆಯೆಂದು ಭಾವಿಸತಕ್ಕದ್ದು. ಹಿಂದೆ ಎಂದೋ ರಜಾದಿನಗಳಿಗೆಂದು ಮಾಡಿದ ನಿಯಮ ಅದು. ಶಾಂತ ದಿನದಲ್ಲಿ ಕಡಲಿಗೆ ಇಳಿಯದ ದೋಣಿ ಸರ್ಕಾರಿ ಕಟ್ಟೆಯಲ್ಲಿ ಲಂಗರು ಹಾಕುವ ಜಾಗ ಕಳೆದುಕೊಳ್ಳುತ್ತದೆ ಎಂಬುದು ಬಂದರಿನವರ ನಿಯಮ. ಎರಡೂ ನಿಯಮಗಳು ಬೇರೆ ಬೇರೆ ಕಟ್ಟಡಗಳಲ್ಲಿ ಹುಟ್ಟಿದವು. ಒಂದನ್ನೊಂದು ನೋಡಿರಲಿಲ್ಲ.

ಹೀಗೆ ಸೋಮವಾರದಿಂದ ಸಮುದ್ರ ಶಾಂತವಾಯಿತು.

ಗುರುವಾರ ಮಕ್ನಸಾ ಬಂತು. ಮಕ್ನಸಾ ಎಂದರೆ ಪೊರಕೆ. ಅಲೆಕ್ಸಾಂಡ್ರಿಯಾದಲ್ಲಿ ಚಳಿಗಾಲದ ಪ್ರತಿ ಬಿರುಗಾಳಿಗೂ ಹೆಸರಿದೆ, ತಾರೀಕಿದೆ. ಇದು ಬೀದಿಗಳನ್ನು ಗುಡಿಸಿಕೊಂಡು ಹೋಗುವ ಮೊದಲನೆಯದು. ನಿವೀನಳ ತಮ್ಮ ಬಕ್ರಿ ಕೆಲಸ ಮಾಡುವ ದೋಣಿ ಚುಕ್ಕಾಣಿ ಮುರಿದುಕೊಂಡು, ಇನ್ನೊಂದು ದೋಣಿಯ ಹಗ್ಗ ಹಿಡಿದು ದಡ ಸೇರಿತು. ಕಚೇರಿಯ ದಿನವಹಿಯಲ್ಲಿ ಆ ದಿನದ ನಮೂದು ಹೀಗಿತ್ತು: ಸಮುದ್ರ ಶಾಂತ. ಶಾಂತಿಯ ಎತ್ತರ ಐದು ಮೀಟರ್.

ಬಕ್ರಿ ಮೂಗಿನವರೆಗೆ ಕಂಬಳಿ ಹೊದ್ದು ಸೋಫಾದ ಮೇಲೆ ಕೂತಿದ್ದ.

"ಅಕ್ಕಾ, ಒಂದು ಮಾತು ಕೇಳ್ತೀನಿ, ಸಿಟ್ಟು ಮಾಡ್ಕೋಬೇಡ. ನಿಮ್ಮ ಕಚೇರಿಗೆ ಕಿಟಕಿ ಇದೆಯಾ?"

"ಇದೆ."

"ಯಾವ ಕಡೆಗೆ?"

"ಸಮುದ್ರದ ಕಡೆಗೇ."

"ಸರಿ ಬಿಡು. ನಾನು ಗೋಡೆ ಅಂದ್ಕೊಂಡಿದ್ದೆ."

ಪ್ರೋಗ್ರಾಂ ಸತ್ತ ಕಾರಣ ಅಷ್ಟು ಹೊತ್ತಿಗೆ ನಿವೀನಳಿಗೆ ತಿಳಿದಿತ್ತು. ಭಾನುವಾರ ಬೆಳಿಗ್ಗೆ ಅದನ್ನು ನಿರ್ದೇಶಕರ ಮುಂದೆ ವಿವರಿಸಿದಳು. ಶೌಕಿಯೂ ಇದ್ದರು.

"ಕಂಪ್ಯೂಟರಿನ ಮೆಮೊರಿ ಒಂದು ಉದ್ದನೆಯ ಬೀದಿ ಅಂದ್ಕೊಳ್ಳಿ. ಸಾಲು ಮನೆಗಳು. ಪ್ರತಿ ಮನೆಗೂ ನಂಬರ್, ಸೊನ್ನೆಯಿಂದ ಶುರು. ಒಂದು ಅಕ್ಷರಕ್ಕೆ ಒಂದು ಮನೆ. ಗಾಳಿಯ ಒಂದು ಅಳತೆಗೆ ನಾಲ್ಕು ಮನೆ."

"ನನ್ನ ಮನೆ ಯಾವುದು?" ಎಂದರು ನಿರ್ದೇಶಕರು.

"ಸೊನ್ನೆಯಿಂದ ಐವತ್ತೈದರವರೆಗೆ ತಾವೇ ಇದ್ದೀರಿ. ಅರಬ್ಬಿಯಲ್ಲಿ ಐವತ್ತಾರು ಅಕ್ಷರ, ನಡುವಿನ ಖಾಲಿ ಜಾಗಗಳೂ ಸೇರಿ."

ನಿರ್ದೇಶಕರು ಶೌಕಿಯ ಮುಖ ನೋಡಿದರು. ಇಷ್ಟು ದೊಡ್ಡ ಮನೆ ಅವರಿಗೆ ಸರ್ಕಾರದಿಂದ ಹಿಂದೆಂದೂ ಸಿಕ್ಕಿರಲಿಲ್ಲ.

"ಪ್ರೊಸೆಸರ್ ಅಳತೆಗಳನ್ನ ಒಂದೊಂದಾಗಿ ಎತ್ತಲ್ಲ. ಎಂಟನ್ನ ಒಟ್ಟಿಗೆ ಎತ್ತುತ್ತೆ. ಎಂಟಕ್ಕೆ ಮೂವತ್ತೆರಡು ಮನೆ. ಆದ್ರೆ ಆ ಕಟ್ಟು ಮೂವತ್ತೆರಡರಿಂದ ಭಾಗವಾಗೋ ನಂಬರಿನ ಮನೆಯಿಂದಲೇ ಶುರುವಾಗ್ಬೇಕು. ಸೊನ್ನೆ, ಮೂವತ್ತೆರಡು, ಅರವತ್ತನಾಲ್ಕು, ಹೀಗೆ. ನಡುವಿಂದ ಎತ್ತು ಅಂದ್ರೆ ಅಲ್ಲೇ ನಿಂತ್ಬಿಡುತ್ತೆ."

"ಹಾಗೆ ನಿಲ್ಲೋಕೆ ಅದಕ್ಕೆ ಅಧಿಕಾರ ಕೊಟ್ಟೋರು ಯಾರು?"

"ನಾನೇ, ಫಂದಿಮ್," ಎಂದಳು ನಿವೀನ್. ಮೇಲಿನವರನ್ನು ಅಲ್ಲಿ ಸ್ವಾಮಿ ಎನ್ನುವುದು ಹಾಗೆ. "ನಾನು ಬರೆದ ಪ್ರೋಗ್ರಾಮನ್ನ ಪ್ರೊಸೆಸರ್ ಭಾಷೆಗೆ ತಿರುಗಿಸೋದು ಕಂಪೈಲರ್. ಅಳತೆಗಳು ಯಾವಾಗ್ಲೂ ಸರಿಯಾದ ಮನೆಯಿಂದಲೇ ಶುರುವಾಗ್ತವೆ ಅಂತ ಅದಕ್ಕೆ ಮಾತು ಕೊಟ್ಟಿದ್ದೆ. ಆಗ ಅದು ನಿಜವಾಗಿತ್ತು. ಕಂಪೈಲರ್ ನನ್ನ ಮಾತು ನಂಬಿ ಕಟ್ಟುನಿಟ್ಟಿನ ಸೂಚನೆ ಹಾಕಿದೆ."

"ಸರ್ಕಾರಿ ಕಚೇರೀಲಿ ಬಾಯಿಮಾತು ನಂಬಿತಾ?" ಶೌಕಿ ತಲೆಯಾಡಿಸಿದರು. "ಹೊಸದಿರಬೇಕು."

ನಿವೀನ್ ಮೂರು ಪರಿಹಾರ ಮುಂದಿಟ್ಟಳು. ಮೊದಲನೆಯದು, ನಿರ್ದೇಶಕರ ಹೆಸರನ್ನು ಸಾಲಿನ ಕೊನೆಗೆ ಕಳಿಸುವುದು. ಇದನ್ನು ಹೇಳಿ ಮುಗಿಸುವ ಮೊದಲೇ ಶೌಕಿ ಕೆಮ್ಮಿದರು. ಅದು ಅಲ್ಲಿಗೇ ಮುಗಿಯಿತು.

ಎರಡನೆಯದು, ಕಟ್ಟುನಿಟ್ಟಿನ ಸೂಚನೆಯ ಬದಲು ಎಲ್ಲಿಂದ ಬೇಕಾದರೂ ಎತ್ತಿಕೊಳ್ಳುವ ಸಡಿಲ ಸೂಚನೆ ಬಳಸುವುದು. ಒಂದು ಸಾಲಿನ ಬದಲಾವಣೆ. ವೇಗ ಸ್ವಲ್ಪ ಕಡಿಮೆಯಾದರೆ ಆಗಬಹುದು, ಯಾರಿಗೂ ಗೊತ್ತಾಗುವಷ್ಟಲ್ಲ.

ನಿರ್ದೇಶಕರು ಗಂಭೀರವಾದರು. "ಎಲ್ಲಿಂದ ಬೇಕಾದರೂ ಎತ್ತಿಕೊಳ್ಳೋಕೆ ಈ ಕಚೇರೀಲಿ ಇನ್ಮುಂದೆ ಅವಕಾಶ ಇಲ್ಲ. ಹಿಂದಿನ ನಿರ್ದೇಶಕರು ಹೋಗಿದ್ದೇ ಆ ಕಾರಣಕ್ಕೆ."

ಮೂರನೆಯದು, ಹೆಸರಿನ ನಂತರ ಎಂಟು ಮನೆಗಳನ್ನು ಖಾಲಿ ಬಿಡುವುದು. ಆಗ ಗಾಳಿ ಅರವತ್ತನಾಲ್ಕನೆಯ ಮನೆಯಿಂದ ಶುರುವಾಗುತ್ತದೆ. ಇದಕ್ಕೆ ಯಾರೂ ಕೆಮ್ಮಲಿಲ್ಲ. ನಿವೀನ್ ಅಂದೇ ಮಾಡಿದಳು, ಪ್ರೋಗ್ರಾಂ ಓಡಿತು, ಎರಡು ದಿನ ಪ್ರಕಟಣೆಗಳು ಹೊರಟವು. ಮೂರನೆಯ ದಿನ ಲೆಕ್ಕಪರಿಶೋಧಕರು ಮೆಮೊರಿಯ ಆ ಭಾಗವನ್ನು ಅಚ್ಚು ಹಾಕಿಸಿ, ಹಸಿರು ಪೆನ್ನಿನಲ್ಲಿ ಗುರುತು ಮಾಡಿ, ಆಕ್ಷೇಪಣೆ ಬರೆದರು. ಮಹಾನಿರ್ದೇಶಕರ ಕೆಳಗೆ ನೇರವಾಗಿ ಎಂಟು ಸ್ಥಾನಗಳು ಖಾಲಿ ಇರುವುದು ಕಂಡುಬಂದಿದೆ. ಹಣಕಾಸು ಸಚಿವಾಲಯದ ಪೂರ್ವಾನುಮತಿ ಇಲ್ಲದೆ ಖಾಲಿ ಸ್ಥಾನಗಳನ್ನು ಸೃಷ್ಟಿಸುವಂತಿಲ್ಲ. ಸೃಷ್ಟಿಸಿದಲ್ಲಿ ಭರ್ತಿ ಮಾಡತಕ್ಕದ್ದು.

"ಭರ್ತಿ ಅಂದ್ರೆ ಏನು ತುಂಬೋದು?" ಎಂದು ಕೇಳಿದಳು ನಿವೀನ್.

ಶೌಕಿ ಕುರ್ಚಿ ಎಳೆದುಕೊಂಡು ಕೂತರು. ಮೂವತ್ತು ವರ್ಷದ ಅನುಭವ ಅವರ ಮುಖದಲ್ಲಿ ಬೆಳಗಿತು. "ನಿರ್ದೇಶಕರು ಚಿಕ್ಕವರಾಗಿದ್ದಕ್ಕೇ ತಾನೆ ಈ ತೊಂದರೆ? ದೊಡ್ಡವರನ್ನ ಮಾಡೋಣ."

ಬಿರುದು ಸಮಿತಿ ರಚನೆಯಾಯಿತು. ಮೂವರು ಸದಸ್ಯರು, ಅಧ್ಯಕ್ಷರು ಶೌಕಿ. ಎಂಟು ಮನೆ ತುಂಬಬೇಕು. ಒಂದು ಖಾಲಿ ಜಾಗ ಕಳೆದರೆ ಏಳು ಅಕ್ಷರ. ಅರಬ್ಬಿಯಲ್ಲಿ ಅದಕ್ಕೆ ಸರಿಯಾಗಿ ಕೂರುವ ಬಿರುದು ಕ್ಯಾಪ್ಟನ್. ನಿರ್ದೇಶಕರು ದೋಣಿ ಹತ್ತಿದವರಲ್ಲ. ಅಗಾಮಿಯ ಕಡಲ ತೀರದಲ್ಲೂ ಛತ್ರಿಯ ಕೆಳಗೆ ಷೂ ಹಾಕಿಕೊಂಡೇ ಕೂರುವವರು. ಸಮಿತಿ ಇದನ್ನು ಪರಿಶೀಲಿಸಿ, ಅನುಭವದ ಕೊರತೆಯಿಂದಾಗಿ ಅವರ ಕೈಯಲ್ಲಿ ಇದುವರೆಗೆ ಯಾವ ಹಡಗೂ ಮುಳುಗಿಲ್ಲ ಎಂದು ದಾಖಲಿಸಿತು.

ಡಾಕ್ಟರ್ ಇಂಜಿನಿಯರ್ ಕ್ಯಾಪ್ಟನ್ ಹಿಶ್ಮತ್ ಅಲ್-ಗಿರಿಯಾನಿ ಅವರ ಹೆಸರು ಅರವತ್ತನಾಲ್ಕು ಮನೆಗಳನ್ನು ತುಂಬಿತು. ಪ್ರೋಗ್ರಾಂ ಓಡಿತು. ಲೆಕ್ಕಪರಿಶೋಧಕರು ಹಸಿರು ಪೆನ್ನಿನ ಮುಚ್ಚಳ ಹಾಕಿದರು. ಎಲ್ಲರೂ ರವೆಯ ಸಿಹಿ ಬಸ್ಬೂಸಾ ತಿಂದರು.

ಡಿಸೆಂಬರ್ ಮೂರು, ಭಾನುವಾರ, ಒಂದು ಖಾಸಗಿ ಅಕಾಡೆಮಿ ನಿರ್ದೇಶಕರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಶೌಕಿ ಕೂಡಲೇ ಅದನ್ನು ಒಳಗೆ ಹಾಕಿಸಬೇಕೆಂದರು. ಒಂದು ಡಾಕ್ಟರ್ ಈಗಾಗಲೇ ಇದೆಯಲ್ಲ ಎಂದು ನಿವೀನ್ ಹೇಳಿದಳು. ಅದು ಓದಿ ಬಂದದ್ದು, ಇದು ಗೌರವದಿಂದ ಬಂದದ್ದು, ಎರಡನ್ನೂ ಬೆರೆಸಿದರೆ ಎರಡಕ್ಕೂ ಅವಮಾನ ಎಂದು ಉತ್ತರ ಬಂತು. ಹೆಸರು ಎಪ್ಪತ್ತೆರಡಾಯಿತು.

ಸೋಮವಾರ ಬೆಳಿಗ್ಗೆ ಪ್ರೋಗ್ರಾಂ ಸತ್ತಿತು. ಆ ದಿನ ಡಿಸೆಂಬರ್ ನಾಲ್ಕು. ಖಾಸಿಮ್ ಬರುವ ದಿನ. ಖಾಸಿಮ್ ಎಂದರೆ ಒಡೆಯುವವನು, ಮಕ್ನಸಾದ ಅಣ್ಣ. ಮಧ್ಯಾಹ್ನ ಹನ್ನೆರಡರೊಳಗೆ ಪ್ರಕಟಣೆ ಬಂದರಿಗೆ ತಲುಪದಿದ್ದರೆ ಸಮುದ್ರ ಶಾಂತ. ಆಗ ದೋಣಿಗಳು ಇಳಿಯಲೇಬೇಕು.

ಒಂಬತ್ತು ಗಂಟೆಗೆ ಬಕ್ರಿ ಫೋನ್ ಮಾಡಿದ. ಅವನ ಹಿಂದೆ ದೋಣಿಯ ಯಜಮಾನ ರಯ್ಯಿಸ್ ಮುರ್ಸಿಯ ಗಂಟಲು ಕೇಳುತ್ತಿತ್ತು.

"ಅಕ್ಕಾ, ಪಡುವಣ ಕಪ್ಪಾಗಿದೆ. ಪ್ರಕಟಣೆ ಎಲ್ಲಿ?"

"ನಿಂತಿದೆ. ಬಕ್ರಿ, ನೀನು ಇಳೀಬೇಡ."

"ನಾನು ಇಳೀದಿದ್ರೆ ರಯ್ಯಿಸ್ ಒಬ್ರೇ ಇಳೀತಾರೆ. ಕಟ್ಟೆ ಜಾಗ ಹೋದ್ರೆ ದೋಣೀನ ತಲೆ ಮೇಲೆ ಹೊತ್ಕೊಂಡು ತಿರುಗ್ಬೇಕಾ? ಎಂಥದಾದ್ರೂ ಮಾಡು."

ನಿವೀನ್ ನೇರ ನಿರ್ದೇಶಕರ ಕೋಣೆಗೆ ಹೋದಳು.

"ಫಂದಿಮ್, ಎರಡನೇ ಡಾಕ್ಟರನ್ನ ಒಂದೇ ದಿನದ ಮಟ್ಟಿಗೆ ತೆಗೀಲಾ? ಖಾಸಿಮ್ ಹೋದ ಕೂಡ್ಲೇ ವಾಪಸ್ ಹಾಕ್ತೀನಿ."

"ಮಗಳೇ," ಎಂದರು ನಿರ್ದೇಶಕರು, ತುಂಬ ಮೃದುವಾಗಿ. "ನಿನ್ನೆ ಕೊಟ್ಟ ಗೌರವಾನ ಇವತ್ತು ತೆಗೆದ್ರೆ ಜನ ಏನಂದ್ಕೋತಾರೆ? ನಾನೇನೋ ತಪ್ಪು ಮಾಡಿದೀನಿ ಅಂತ."

"ನನ್ನ ತಮ್ಮ ಕಡಲಿಗೆ ಹೋಗ್ತಾನೆ, ಫಂದಿಮ್."

"ದೇವರು ಕಾಪಾಡಲಿ. ಸಮುದ್ರ ಹೇಗಿದೆ?"

"ಅದು ಗೊತ್ತಾಗೋದು ಪ್ರೋಗ್ರಾಂ ಓಡಿದ್ರೆ."

"ನೋಡು ಮತ್ತೆ," ಎಂದರು ನಿರ್ದೇಶಕರು. ಅವರ ಬೆನ್ನ ಹಿಂದಿನ ಕಿಟಕಿಯಲ್ಲಿ ಒಂದು ಅಲೆ ಕಡಲಂಚಿನ ಕಾರ್ನಿಷ್ ರಸ್ತೆಯನ್ನು ದಾಟಿ ಟ್ಯಾಕ್ಸಿಯೊಂದನ್ನು ತೊಳೆಯಿತು.

ಶೌಕಿ ಹೊರಗೆ ಕಾರಿಡಾರಿನಲ್ಲಿ ಸಿಕ್ಕರು. ಎಪ್ಪತ್ತೆರಡರ ನಂತರದ ಒಳ್ಳೆಯ ಸಂಖ್ಯೆ ತೊಂಬತ್ತಾರು, ಇಪ್ಪತ್ತನಾಲ್ಕು ಮನೆ ತುಂಬಬೇಕು, ಸಮಿತಿ ಈಗಲೇ ಸೇರಬೇಕು ಎಂದಳು ನಿವೀನ್. ಶೌಕಿ ಕೈ ಚೆಲ್ಲಿದರು. ಸಮಿತಿಯ ಒಬ್ಬ ಸದಸ್ಯರು ತಮ್ಮ ಸೊಸೆಯ ಹೆರಿಗೆಗೆಂದು ದಮನ್ಹೂರಿಗೆ ಹೋಗಿದ್ದಾರೆ, ಬುಧವಾರ ಬರುತ್ತಾರೆ.

"ಬೇರೆ ದಾರಿ ಇಲ್ವಾ, ಉಸ್ತಾಝ್?"

"ಒಂದಿದೆ. ಸಾರ್ವಜನಿಕರು ಸ್ವಯಂಪ್ರೇರಣೆಯಿಂದ ಪ್ರೀತಿಪೂರ್ವಕ ಕೊಟ್ಟ ಬಿರುದಿಗೆ ಸಮಿತಿ ಬೇಕಾಗಿಲ್ಲ. ಹತ್ತು ಜನ ಬಂದು ಬಾಯಿಬಿಟ್ಟು ಹೇಳಿದ್ರೆ ಸಾಕು." ಅವರು ಗಡಿಯಾರ ನೋಡಿದರು. "ಸ್ವಯಂಪ್ರೇರಣೆ ಹನ್ನೊಂದರೊಳಗೆ ಬಂದ್ರೆ ಒಳ್ಳೇದು. ಆಮೇಲೆ ನನಗೆ ಮೀಟಿಂಗ್ ಇದೆ."

ನಿವೀನ್ ತಮ್ಮನಿಗೆ ಫೋನ್ ಮಾಡಿದಳು. ರಯ್ಯಿಸ್ ಮುರ್ಸಿ ಫೋನ್ ಕಸಿದುಕೊಂಡರು.

"ಏನಮ್ಮಾ, ನಿಮ್ಮ ಸಾಹೇಬನಿಗೆ ನಾವು ಬಿರುದು ಕೊಡ್ಬೇಕಾ? ಕೊಡ್ತೀವಿ. ನನ್ನ ಹತ್ರ ತುಂಬಾ ಇವೆ. ಈಗ್ಲೇ ಬರ್ಕೋ."

"ಇಪ್ಪತ್ತಮೂರು ಅಕ್ಷರ ಇರ್ಬೇಕು, ರಯ್ಯಿಸ್. ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ."

ಆ ಕಡೆ ರಯ್ಯಿಸ್ ಗೊಣಗುತ್ತ ಎಣಿಸುವುದು ಕೇಳಿಸಿತು. "ನನಗೆ ಬರೋದೆಲ್ಲ ನಾಲ್ಕೈದು ಅಕ್ಷರದವು."

"ಅವನ್ನೇ ಸೇರಿಸಿ ಹೇಳಿ ರಯ್ಯಿಸ್," ಎಂದು ಬಕ್ರಿ ಕೂಗಿದ್ದು ಕೇಳಿಸಿತು. "ಸಾಲಾಗಿ ಐದು ಹೇಳಿದ್ರೆ ಆಗೋಯ್ತು."

"ಬಕ್ರಿ, ಹಾಗೆಲ್ಲ ಮಾತಾಡಿದ್ರೆ ನೀನು ಇವತ್ತು ಸಮುದ್ರಕ್ಕೆ ಹೋಗ್ತೀಯ ನೋಡು," ಎಂದಳು ನಿವೀನ್.

ಅವಳೇ ಕೂತು ಲೆಕ್ಕ ಹಾಕಿದಳು. ಕಂಪ್ಯೂಟರ್ ವಿಜ್ಞಾನದಲ್ಲಿ ನಾಲ್ಕು ವರ್ಷ ಓದಿದ್ದಳು. ಹೊಗಳಿಕೆಯ ಉದ್ದ ಅಳೆಯುವುದು ಪಠ್ಯದಲ್ಲಿ ಇರಲಿಲ್ಲ. ಸಮುದ್ರದ ಹುಲಿ ಚಿಕ್ಕದಾಯಿತು. ಮೀನುಗಾರರ ಅನಾಥ ಮಕ್ಕಳ ಆಶ್ರಯದಾತ ಉದ್ದವಾಯಿತು. ಅಲ್ಲದೆ ಆ ಬಿರುದು ಆ ಬೆಳಿಗ್ಗೆ ಅವಳಿಗೆ ಹಿಡಿಸಲಿಲ್ಲ. ಹತ್ತೂವರೆಗೆ ಒಂದು ಸರಿಯಾಗಿ ಕೂತಿತು. ಅನ್ಫೂಶಿಯ ಮೀನುಗಾರರ ಕಣ್ಣುಗಳ ಬೆಳಕು. ಮೂರು ಸಲ ಎಣಿಸಿದಳು. ಇಪ್ಪತ್ತಮೂರು.

ಹತ್ತು ಮೀನುಗಾರರು ಹನ್ನೊಂದಕ್ಕೆ ಐದು ನಿಮಿಷ ಇರುವಾಗ ರಬ್ಬರ್ ಬೂಟಿನಲ್ಲೇ ಬಂದರು. ನೆಲಕ್ಕೆ ಹಾಸಿದ್ದ ಜಮಖಾನೆಯ ಮೇಲೆ ನೀರು ನಿಂತಿತು. ರಯ್ಯಿಸ್ ಮುರ್ಸಿ ಅರವತ್ತು ದಾಟಿದವರು, ಮೀಸೆ ಉಪ್ಪು ಹಿಡಿದು ಬೆಳ್ಳಗಾಗಿತ್ತೋ ವಯಸ್ಸಿಗೋ ಹೇಳುವುದು ಕಷ್ಟ. ನಿರ್ದೇಶಕರ ಮುಂದೆ ನಿಂತು ಕಂಠಪಾಠ ಒಪ್ಪಿಸಿದರು.

"ಸಾಹೇಬ್ರೇ, ನೀವು ಅನ್ಫೂಶಿಯ ಮೀನುಗಾರರ ಕಣ್ಣುಗಳ ಬೆಳಕು."

ನಿರ್ದೇಶಕರು ನಿಜವಾಗಿಯೂ ಕರಗಿದರು. ಕನ್ನಡಕ ತೆಗೆದು ಒರೆಸಿಕೊಂಡರು. "ನನಗೆ ಗೊತ್ತೇ ಇರಲಿಲ್ಲ," ಎಂದರು.

"ನಮಗೂ ಇವತ್ತೇ ಗೊತ್ತಾಗಿದ್ದು," ಎಂದರು ಮುರ್ಸಿ.

"ಕೂತ್ಕೊಳ್ಳಿ, ಚಹಾ ಕುಡೀರಿ. ನಿಮ್ಮ ಕಷ್ಟ ಸುಖ ಹೇಳಿ."

"ಕಷ್ಟ ಹನ್ನೆರಡು ಗಂಟೆಗೆ ಶುರುವಾಗುತ್ತೆ, ಸಾಹೇಬ್ರೇ. ಈಗ ಸಹಿ ಹಾಕ್ಬಿಡಿ."

ಸಹಿಯಾಯಿತು. ನಿವೀನ್ ಓಡಿ ಹೋಗಿ ಬೆಳಕನ್ನು ಒಳಗೆ ಹಾಕಿದಳು. ತೊಂಬತ್ತಾರು. ಹನ್ನೊಂದು ಐವತ್ತಕ್ಕೆ ಪ್ರೋಗ್ರಾಂ ಓಡಿ ಮುಗಿಯಿತು. ವಾಯವ್ಯದಿಂದ ಭಾರಿ ಗಾಳಿ, ಅಲೆ ಆರು ಮೀಟರ್, ಯಾವ ದೋಣಿಯೂ ಇಳಿಯತಕ್ಕದ್ದಲ್ಲ. ಪ್ರಕಟಣೆಯ ಮೊದಲರ್ಧ ಪುಟ ನಿರ್ದೇಶಕರೇ ಇದ್ದುದರಿಂದ ಬಂದರಿನ ಅಧಿಕಾರಿ ಗಾಳಿಯವರೆಗೆ ಓದಿ ತಲುಪುವ ಹೊತ್ತಿಗೆ ಹನ್ನೆರಡಕ್ಕೆ ಒಂದು ನಿಮಿಷ ಬಾಕಿಯಿತ್ತು. ಬಂದರಿನ ಬಾಯಿಗೆ ಅಡ್ಡ ಸರಪಳಿ ಎಳೆದರು. ಅಂದು ಸಂಜೆ ಖಾಸಿಮ್ ಬಂದು ಕಟ್ಟೆಯ ಎರಡು ದೀಪದ ಕಂಬ ಮುರಿದ. ಬಕ್ರಿ ಮನೆಯಲ್ಲಿ ಮೀನು ಅನ್ನದ ಸಯ್ಯಾದಿಯಾ ತಿನ್ನುತ್ತ, ಮೀನಿನಲ್ಲಿ ಮುಳ್ಳು ಜಾಸ್ತಿ ಎಂದು ಅಕ್ಕನ ಮೇಲೆ ತಪ್ಪು ಹೊರಿಸಿದ.

ಆಮೇಲಿನ ಎರಡು ವರ್ಷ ಕಚೇರಿಯ ಕೆಲಸ ಸುಗಮವಾಗಿ ನಡೆಯಿತು. ನಿವೀನಳಿಗೆ ಬಡ್ತಿ ಸಿಕ್ಕಿ ಬಿರುದು ಹೊಂದಾಣಿಕೆ ವಿಭಾಗದ ಮುಖ್ಯಸ್ಥೆಯಾದಳು. ಸಡಿಲ ಸೂಚನೆ ಬಳಸಲು ಅನುಮತಿ ಕೋರಿ ಪ್ರತಿ ಜನವರಿಯಲ್ಲಿ ಅರ್ಜಿ ಹಾಕುತ್ತಿದ್ದಳು. ಪ್ರತಿ ಮಾರ್ಚಿನಲ್ಲಿ, ಹಾಗೆ ಮಾಡಿದರೆ ಆ ವಿಭಾಗದ ಹನ್ನೊಂದು ಜನರಿಗೆ ಕೆಲಸವಿರುವುದಿಲ್ಲ ಎಂಬ ಉತ್ತರಕ್ಕೆ ವಿಭಾಗದ ಮುಖ್ಯಸ್ಥೆಯಾಗಿ ಅವಳೇ ಸಹಿ ಹಾಕಬೇಕಾಗುತ್ತಿತ್ತು.

ನಿರ್ದೇಶಕರು ನಿವೃತ್ತರಾದ ಮೇಲೆ ರವೂಫ್ ಉಬೈದ್ ಎಂಬವರು ಬಂದರು. ಸರಳ ಮನುಷ್ಯ. ಸ್ವತಃ ಹವಾಮಾನ ಓದಿದವರು. ಮೊದಲ ದಿನವೇ ಎಲ್ಲರನ್ನೂ ಕರೆದು, ತನಗೆ ಯಾವ ಬಿರುದೂ ಬೇಡ, ಬರೀ ಹೆಸರು ಸಾಕು ಎಂದರು. ಜನ ಚಪ್ಪಾಳೆ ತಟ್ಟಿದರು. ಪ್ರೋಗ್ರಾಂ ಸತ್ತಿತು. ಸಮುದ್ರ ಶಾಂತವಾಯಿತು.

ನಿವೀನ್ ಅವರಿಗೆ ಬೀದಿ, ಮನೆ, ಕಟ್ಟು ಎಲ್ಲವನ್ನೂ ವಿವರಿಸಿದಳು. ಅವರಿಗೆ ಅರ್ಥವಾಯಿತು. ಅರ್ಥವಾದ ಮೊದಲ ನಿರ್ದೇಶಕರು ಅವರು.

"ಇದಕ್ಕೆ ಒಂದು ಸಾಲು ಬದಲಾಯಿಸಿದ್ರೆ ಸಾಕಲ್ವಾ?"

"ಸಾಕು, ಫಂದಿಮ್."

"ಮತ್ತೆ?"

ನಿವೀನ್ ಶೌಕಿಯ ಕಡೆ ನೋಡಿದಳು. ಶೌಕಿ ಆಕ್ಷೇಪಣೆಗಳ ಕಡತ ತಂದು ಮೇಜಿನ ಮೇಲಿಟ್ಟರು. ಮೇಜು ಸ್ವಲ್ಪ ಬಾಗಿತು. ರವೂಫ್ ಉಬೈದ್ ಒಂದು ವಾರ ಓದಿದರು. ಎಂಟನೆಯ ದಿನ ಕೋಣೆಯಿಂದ ಹೊರಗೆ ಬಂದು, ಹಿಂದಿನವರ ಬಿರುದುಗಳೇ ಇರಲಿ ಎಂದರು. ಅವು ವ್ಯಕ್ತಿಯವಲ್ಲ, ಹುದ್ದೆಯವು ಎಂದು ಶೌಕಿ ಟಿಪ್ಪಣಿ ಬರೆದರು. ಆದರೆ ಹೊಸಬರ ಹೆಸರು ಹಳಬರಿಗಿಂತ ನಾಲ್ಕು ಮನೆ ಚಿಕ್ಕದಾಗಿತ್ತು. ಅಲ್ಲಿ ಬೇ ಎಂಬ ರಾಜರ ಕಾಲದ ಬಿರುದು ಹಾಕಿದರು. ಅದನ್ನು ದೇಶ ಸಾವಿರದ ಒಂಬೈನೂರ ಐವತ್ತೆರಡರಲ್ಲೇ ರದ್ದು ಮಾಡಿತ್ತು. ಆದರೂ ಕಾರು ನಿಲ್ಲಿಸುವ ಜಾಗಗಳಲ್ಲಿ ಕಾವಲು ಹುಡುಗರ ಬಾಯಲ್ಲಿ ಚಾಲ್ತಿಯಲ್ಲಿದ್ದುದರಿಂದ ಸಮಿತಿಗೆ ತೊಡಕಾಗಲಿಲ್ಲ.

ಡಾಕ್ಟರ್ ಡಾಕ್ಟರ್ ಇಂಜಿನಿಯರ್ ಕ್ಯಾಪ್ಟನ್ ರವೂಫ್ ಉಬೈದ್ ಬೇ, ಅನ್ಫೂಶಿಯ ಮೀನುಗಾರರ ಕಣ್ಣುಗಳ ಬೆಳಕು, ಮೊದಮೊದಲು ಈ ಹೆಸರಿನಿಂದ ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಈಗ ಒಂದು ಬಿರುದು ಬಿಟ್ಟು ಕರೆದರೆ ಪ್ರೋಗ್ರಾಮಿನಂತೆಯೇ ಅಲ್ಲೇ ನಿಂತುಬಿಡುತ್ತಾರೆ.

ಅನ್ಫೂಶಿಯವರೂ ಹೊಂದಿಕೊಂಡಿದ್ದಾರೆ. ಕಾಫಿ ಅಂಗಡಿಯಲ್ಲಿ ಸಂಜೆ ಪತ್ರಿಕೆ ಬಂದಾಗ ಮೊದಲು ನೋಡುವುದು ಪ್ರಶಸ್ತಿ, ಸನ್ಮಾನಗಳ ಪುಟ. ನಿರ್ದೇಶಕರಿಗೆ ಯಾರಾದರೂ ಶಾಲು ಹೊದಿಸಿದ ಸುದ್ದಿ ಇದ್ದರೆ ರಯ್ಯಿಸ್ ಮುರ್ಸಿ ಎದ್ದು ಹೋಗಿ ಲಂಗರಿಗೆ ಇನ್ನೊಂದು ಹಗ್ಗ ಬಿಗಿಯುತ್ತಾರೆ. ಬಕ್ರಿ ದಿನಾ ಬೆಳಿಗ್ಗೆ ಅಕ್ಕನಿಗೆ ಫೋನ್ ಮಾಡಿ ಗಾಳಿಯ ವಿಷಯ ಕೇಳುವುದನ್ನು ಬಿಟ್ಟಿದ್ದಾನೆ. "ಎಷ್ಟಿದ್ದಾರೆ ಇವತ್ತು?" ಎಂದಷ್ಟೇ ಕೇಳುತ್ತಾನೆ.

ಬಂದರಿನವರು ಕಟ್ಟೆಯ ಕಪ್ಪು ಹಲಗೆಯ ಮೇಲೆ ಹೋದ ವರ್ಷ ಮೂರನೆಯ ಸಾಲನ್ನು ಸೇರಿಸಿದರು. ಇಂದು ಬೆಳಿಗ್ಗೆ ಅದರಲ್ಲಿ ಸುಣ್ಣದಕಡ್ಡಿಯಲ್ಲಿ ಬರೆದಿದ್ದದ್ದು ಇಷ್ಟು. ಗಾಳಿ: ಎಂಟು ನಾಟ್. ಅಲೆ: ಒಂದು ಮೀಟರ್. ನಿರ್ದೇಶಕರು: ತೊಂಬತ್ತಾರು.